ಶಿಬಿರಕ್ಕೆ ರೊಟ್ಟಿ ಬಡಿದವರು

ಕುಷ್ಟಗಿ, ಗಂಗಾವತಿ ಕಡೆ ‘ಕ್ಯಾಂಪು’ ಎಂದರೆ ಯಾವ ಕ್ಯಾಂಪು ಎಂದು ಮರುಪ್ರಶ್ನೆ ಬರುತ್ತದೆ. ತುಂಗಭದ್ರೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಕಟ್ಟಿಕೊಂಡ ಊರೂ ಕ್ಯಾಂಪೇ. ಪಕ್ಕದ ಸಿಂಧನೂರು ತಾಲ್ಲೂಕಿನಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಭೂಮಿ ಕೊಟ್ಟು ನೆಲೆ ಮಾಡಿಸಿದ ಆರ್.ಎಚ್. ಕ್ಯಾಂಪುಗಳಿವೆ. ಇವೆರಡಕ್ಕೂ ಹಿಂದಿನದು 1947–48ರ ಗಡಿ ಶಿಬಿರ. ನಿಜಾಮನ ರಾಜ್ಯದಲ್ಲಿದ್ದ ಕೊಪ್ಪಳ, ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳ ಜನ ರಜಾಕಾರರ ಹಾವಳಿಗೆ ಅಂಜಿ, ಗಡಿ ದಾಟಿ ಮುಂಬಯಿ ಪ್ರಾಂತದ ಮುಂಡರಗಿ, ಗಜೇಂದ್ರಗಡದ ಕಡೆ ಹೋದರು. ನನ್ನ ಪಿಎಚ್.ಡಿ. ಈ ಕಾಲದ ನೆನಪಿನ ಬರಹಗಳ ಮೇಲಿದೆ.

ಈ ಬರಹಗಳಲ್ಲಿ ಶಿಬಿರವೆಂದರೆ ಬಂದೂಕು, ಸುಟ್ಟ ನಾಕಾ, ರಾತ್ರಿಯ ದಾಳಿ. ಮುಂಡರಗಿ ಶಿಬಿರವೆಂದರೆ ಅಳವಂಡಿ ಶಿವಮೂರ್ತಿಸ್ವಾಮಿಗಳು. ಅವರ ಧೈರ್ಯಕ್ಕೆ ಸಲ್ಲಬೇಕಾದ ಗೌರವ ಸಂದಿದೆ. 1952ರಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದ ಜನ ಅವರನ್ನು ಪಕ್ಷೇತರರಾಗಿಯೇ ಗೆಲ್ಲಿಸಿ ಕಳಿಸಿದರು. (ಕುಷ್ಟಗಿ ಒಮ್ಮೆ ಲೋಕಸಭಾ ಕ್ಷೇತ್ರವಾಗಿತ್ತೆಂದರೆ ಇಂದಿನ ಹುಡುಗರು ನಗುತ್ತಾರೆ.) ನನ್ನ ತಕರಾರು ಬೇರೆ. ಮಕ್ಕಳುಮರಿ ಕಟ್ಟಿಕೊಂಡು ಬಂದ ಸಾಮಾನ್ಯರು ಈ ಪುಟಗಳಲ್ಲಿ ‘ಆಶ್ರಯ ಪಡೆದರು’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತಾರೆ. ಎಲ್ಲಿ ಮಲಗಿದರು, ಎತ್ತುಗಳನ್ನು ಯಾರ ಕೊಟ್ಟಿಗೆಯಲ್ಲಿ ಕಟ್ಟಿದರು, ಅಷ್ಟು ಮಂದಿಗೆ ರೊಟ್ಟಿ ಬಡಿದ ಕೈಗಳು ಯಾರವು ಎಂಬುದಕ್ಕೆ ವಾಕ್ಯಗಳೇ ಇಲ್ಲ.

ಕೆನಡಾದಲ್ಲಿ 1970ರ ದಶಕದ ಕೊನೆಯಿಂದ ಇಂಥ ಕೆಲಸಕ್ಕೆ ಕಾನೂನಿನ ಚೌಕಟ್ಟು ಇದೆ. ನಾಗರಿಕರು ಸೇರಿ ಒಂದು ನಿರಾಶ್ರಿತ ಕುಟುಂಬದ ಹೊಣೆ ಹೊರಬಹುದು. ಸಾಮಾನ್ಯವಾಗಿ ಒಂದು ವರ್ಷ ಮನೆ ಬಾಡಿಗೆ, ದಿನಸಿ, ಮಕ್ಕಳ ಶಾಲೆ, ವೈದ್ಯರ ಬಳಿ ಕರೆದೊಯ್ಯುವುದು, ಎಲ್ಲವೂ ಅವರದೇ. ಹೀಗೆ ಅಲ್ಲಿಗೆ ಬಂದವರು 3 ಲಕ್ಷಕ್ಕೂ ಹೆಚ್ಚು. ಇದನ್ನು ಸಮುದಾಯ ಪ್ರಾಯೋಜಕತ್ವ ಎನ್ನುತ್ತಾರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನನ್ನೂ ಮಾಡಿಕೊಂಡಿಲ್ಲ. ಇಲ್ಲಿ ಆಶ್ರಯವೆಂದರೆ ಒಂದೋ ಸರ್ಕಾರದ ಮರ್ಜಿ, ಇಲ್ಲವೇ ಊರಿನವರ ಮನಸ್ಸು. ಊರಿನವರ ಮನಸ್ಸಿಗೆ ಕಡತವಿಲ್ಲ. ಅದನ್ನು ಸಾಹಿತ್ಯವೇ ಬರೆದಿಡಬೇಕು.

ಯಾಕೆ ಬರೆಯಲಿಲ್ಲ? ಮರೆವು ಎಂದು ನನಗನಿಸುವುದಿಲ್ಲ. ಇಕ್ಕಿದ್ದನ್ನು ಆಡಿ ತೋರಿಸುವವರನ್ನು ನಮ್ಮಲ್ಲಿ ಸಣ್ಣವರೆನ್ನುತ್ತಾರೆ. ಉಂಡವರಿಗೆ ಹಂಗಿನ ಮಾತು ಎತ್ತಲು ನಾಚಿಕೆ. ನೀಡುವವನು ‘ನಾನು ನೀಡಿದೆ’ ಎನ್ನದಿರುವುದೇ ಶರಣರ ದಾಸೋಹದ ತಿರುಳು. ಇದು ದೊಡ್ಡ ಗುಣವೇ. ಆದರೆ ಈ ಮೌನ ಇನ್ನೊಂದನ್ನೂ ಮುಚ್ಚಿಡುತ್ತದೆ: ಯಾರ ಮನೆಯ ಬಾಗಿಲು ಯಾರಿಗೆ ತೆರೆಯಿತು? ಗಡಿಯಾಚೆ ಬೀಗರಿದ್ದು, ಆ ಬೀಗರ ಹಗೇವಿನಲ್ಲಿ ಜೋಳವಿದ್ದವರ ವಲಸೆ ಒಂದು ಬಗೆ. ಕೇರಿಯ ಕೂಲಿಯವನಿಗೂ ಆಚೆ ನೆಂಟರಿದ್ದಾರು, ಆದರೆ ಆ ನೆಂಟರಿಗೆ ಹಗೇವು ಎಲ್ಲಿಯದು? ಸಮುದಾಯವೇ ಆಶ್ರಯ ಕೊಡುತ್ತದೆ ಎಂದಾಗ, ಸಮುದಾಯ ತನ್ನವರನ್ನೇ ಆರಿಸಿಕೊಳ್ಳುತ್ತದೆಯೇ ಎಂದು ಕೇಳಲೇಬೇಕು. ಕೆನಡಾದವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕಿತು, 17ಕ್ಕೆ ನಿಜಾಮ ಶರಣಾದ. ವಿಮೋಚನೆಯ ಬರಹಗಳು ಬಹುಮಟ್ಟಿಗೆ ಇಲ್ಲಿಗೆ ಮುಗಿಯುತ್ತವೆ. ಧ್ವಜ ಏರುತ್ತದೆ, ಶಿಬಿರ ಮುಚ್ಚುತ್ತದೆ. ಆಮೇಲೆ ಅಂಜಿ ಓಡಬೇಕಾದವರು ಬೇರೆಯವರು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸೇನಾ ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಉಸ್ಮಾನಾಬಾದ್, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹಾನಿ ಅತಿ ಹೆಚ್ಚು. ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಈ ಜನಕ್ಕೆ ಗಡಿಯಾಚೆ ಶಿಬಿರವಿರಲಿಲ್ಲ. ಸಿಕ್ಕರೆ ನೆರೆಮನೆಯ ಅಟ್ಟವೇ ಅವರ ಶಿಬಿರ. ಶಿಬಿರ ಸಾಹಿತ್ಯ ಎಂಬ ವರ್ಗವನ್ನು ಇವರನ್ನು ಬಿಟ್ಟು ಕಟ್ಟಿದರೆ ಅದು ಅರ್ಧ ಸಾಹಿತ್ಯ ಎಂದೇ ನನ್ನ ವಾದ. ವಿಚಾರಸಂಕಿರಣಗಳಲ್ಲಿ ಇದನ್ನು ಹೇಳಿದರೆ, ‘ಈಗ ಅದೆಲ್ಲ ಯಾಕೆ?’ ಎನ್ನುವವರು ಒಬ್ಬರಾದರೂ ಇರುತ್ತಾರೆ.

ಅದೇ ವರದಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ. ಮುಸ್ಲಿಂ ನೇಕಾರರನ್ನು ಕಾಯಲು ಹಿಂದೂ ನೇಕಾರರು ತಮ್ಮವರಿಗೇ ಅಡ್ಡ ನಿಂತರು, ಕೆಲವೆಡೆ ಜೀವವನ್ನೂ ಕೊಟ್ಟರು. ಇಲ್ಲಿ ಒಬ್ಬರ ಹೊಣೆಯನ್ನು ಇನ್ನೊಬ್ಬರು ಹೊತ್ತದ್ದು ಬೀಗತನದಿಂದಲ್ಲ, ಜಾತಿಯಿಂದಲ್ಲ, ಒಂದೇ ಕಸುಬಿನಿಂದ. ನಮ್ಮದೂ ನೇಕಾರರ ಸೀಮೆ: ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರ, ಗಡಿಗೆ ಹತ್ತಿದ ಇಳಕಲ್. ಆ ಒಂದು ಸಂಗತಿಯಲ್ಲಿ ಇಡೀ ಕಾದಂಬರಿಯೇ ಇದೆ. ಅದರ ಮೊದಲ ಅಧ್ಯಾಯ ಶುರುವಾಗಬೇಕಾದದ್ದು ದಾಳಿಯಿಂದಲ್ಲ. ಮಗ್ಗದ ಗುಣಿಯಲ್ಲಿ ಒಬ್ಬನನ್ನು ಕೂರಿಸಿ, ಮೇಲೆ ಹಾಸು ಎಳೆದು, ಏನೂ ಆಗಿಲ್ಲವೆಂಬಂತೆ ಲಾಳಿ ಹೊಡೆಯುತ್ತ ಕುಳಿತ ಇನ್ನೊಬ್ಬನಿಂದ.