‘ದಯಾಮರಣ’ವೆಂಬ ಶಬ್ದವೂ ನಿಸಿದಿ ಶಾಸನಗಳೂ

ಗುಣವಾಗದ ವ್ಯಾಧಿಯಿಂದ ಅಂತ್ಯಕಾಲವನ್ನು ಸಮೀಪಿಸಿದವನು ತಾನಾಗಿ ಕೇಳಿಕೊಂಡಲ್ಲಿ ವೈದ್ಯನು ಅವನ ಮರಣಕ್ಕೆ ನೆರವಾಗುವುದನ್ನು ಕಾನೂನು ಒಪ್ಪಬೇಕೆ ಎಂಬ ಚರ್ಚೆಯು ಕನ್ನಡದಲ್ಲಿ ನಡೆಯುವಾಗ ಸಾಮಾನ್ಯವಾಗಿ ಎರಡು ಸಂಗತಿಗಳು ಮುಂದೆ ಬರುತ್ತವೆ. ಒಂದು, ‘ದಯಾಮರಣ’ವೆಂಬ ಶಬ್ದ, ಮತ್ತೊಂದು, ಸಲ್ಲೇಖನದ ದೃಷ್ಟಾಂತ. ಶಬ್ದವು ಅಯುಕ್ತವಾದುದು. ದೃಷ್ಟಾಂತವು ಯುಕ್ತವೇ; ಆದರೆ ಅದರಿಂದ ತೆಗೆಯುತ್ತಿರುವ ತಾತ್ಪರ್ಯವು ಸರಿಯಾದುದಲ್ಲ.

‘ದಯಾಮರಣ’ವು ದಯೆಯಿಂದಾದ ಮರಣವೆಂದು ವಿಗ್ರಹಿಸತಕ್ಕ ಸಮಾಸ. ದಯೆ ಯಾರದು? ಸಾಯುವವನದಲ್ಲ, ನೋಡುತ್ತಿರುವವನದು. ಇಲ್ಲಿ ರೋಗಿಗೆ ಕರ್ತೃಸ್ಥಾನವಿಲ್ಲ. ಅವನ ಇಚ್ಛೆಗೆ ಎಡೆಯಿಲ್ಲ. ಉತ್ತರ ಕನ್ನಡದ ಹಳದೀಪುರದವರಾಗಿ ಮುಂಬಯಿಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ ಅವರ ಪ್ರಕರಣದಲ್ಲಿ ಈ ನ್ಯೂನತೆಯು ವಿಶದವಾಗುತ್ತದೆ. 1973ರಲ್ಲಿ ಘೋರವಾದ ಆಕ್ರಮಣಕ್ಕೆ ಗುರಿಯಾದ ಅವರು 2015ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಇಚ್ಛೆಯನ್ನು ತಿಳಿಸಲಾರದ ಸ್ಥಿತಿಯಲ್ಲಿ ಹಾಸಿಗೆ ಹಿಡಿದಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ನ್ಯಾಯಾಲಯವನ್ನು ಪ್ರಾರ್ಥಿಸಿದುದು ದಯೆಯಿಂದ. ಕೂಡದೆಂದು ಅವರನ್ನು ಸಾಕಿದ ದಾದಿಯರು ವಿರೋಧಿಸಿದುದೂ ದಯೆಯಿಂದಲೇ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಾರ್ಥನೆಯನ್ನು ನಿರಾಕರಿಸಿತು. ಎರಡು ಪಕ್ಷಗಳಿಗೂ ಸಮನಾಗಿ ಒದಗುವ ದಯೆಯು ಯಾವ ಪಕ್ಷಕ್ಕೂ ಪ್ರಮಾಣವಾಗಲಾರದು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳ ಭಾಷೆ ಇದಕ್ಕೆ ತೀರ ವಿಲಕ್ಷಣವಾದುದು. ರೈಸ್ ಅವರು 1889ರಲ್ಲಿಯೂ, ಪರಿಷ್ಕರಿಸಿ ಆರ್. ನರಸಿಂಹಾಚಾರ್ಯರು 1923ರಲ್ಲಿಯೂ ಪ್ರಕಟಿಸಿದ ಈ ಶಾಸನಗಳಲ್ಲಿ ಅತಿ ಪ್ರಾಚೀನವಾದವು ಕೆಲವೇ ಪಂಕ್ತಿಗಳವು. ‘ನೋಂತು’, ‘ಮುಡಿಪು’ ಎಂಬ ಕ್ರಿಯೆಗಳಿಗೆ ಅಲ್ಲಿ ಸತ್ತವರೇ ಕರ್ತೃಗಳು. ಅವರಿಗೆ ಮರಣವು ಒದಗಿತೆಂದಲ್ಲ; ಅವರು ವ್ರತವನ್ನು ಹಿಡಿದು ಮುಗಿಸಿದರೆಂದು ಹೇಳುವುದೇ ಆ ಶಾಸನಗಳ ರೀತಿ. ಗಂಗ ಮಾರಸಿಂಹನು 974ರ ಸುಮಾರಿನಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತನು. ಶಾಂತಲೆಯ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳು ನೋಂತಳು. ಪ್ರಸ್ತುತ ವಿಷಯಕ್ಕೆ ಇವೆರಡಕ್ಕಿಂತಲೂ ಹತ್ತಿರವಾದುದು ಶಿಕಾರಿಪುರ ಸೀಮೆಯ ಬಂದಳಿಕೆಯ ಶಾಸನ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡದ ಆಡಳಿತವನ್ನು ನಡೆಸುತ್ತಿದ್ದ ಜಕ್ಕಿಯಬ್ಬೆ ದೇಹವು ವ್ಯಾಧಿಗೆ ಒಳಗಾಗಲು ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಸಲ್ಲೇಖನವನ್ನು ಕೈಕೊಂಡಳು. ಆಕೆಯ ಮೇಲೆ ಯಾರೂ ದಯೆ ತೋರಲಿಲ್ಲ, ತೋರಬೇಕಾಗಿಯೂ ಇರಲಿಲ್ಲ.

ಆದರೆ ಇದನ್ನು ಮುಂದಿಟ್ಟುಕೊಂಡು ವೈದ್ಯಸಹಾಯದ ಮರಣಕ್ಕೆ ಜೈನಶಾಸ್ತ್ರದ ಸಮ್ಮತಿಯಿದೆಯೆಂದು ಸಾಧಿಸಹೊರಡುವುದು ಸಾಹಸವೇ ಸರಿ. ತತ್ತ್ವಾರ್ಥಸೂತ್ರವು ಮರಣಾಶಂಸೆಯನ್ನು, ಎಂದರೆ ಬೇಗ ಸಾಯಬೇಕೆಂಬ ಬಯಕೆಯನ್ನು, ಸಲ್ಲೇಖನದ ಅತಿಚಾರಗಳಲ್ಲಿ ಒಂದೆಂದು ಗಣಿಸುತ್ತದೆ. ವಡ್ಡಾರಾಧನೆಯ ಸನತ್ಕುಮಾರನು ರೋಗಗಳನ್ನು ಸಹಿಸಿ, ದೇಹದ ಬೇನೆಯನ್ನು ಕಳೆಯಬಂದ ವೈದ್ಯನನ್ನೇ ಹಿಂದಕ್ಕೆ ಕಳುಹಿಸುತ್ತಾನೆ. ನೋವು ಅಲ್ಲಿ ಕರ್ಮನಿರ್ಜರೆಯ ಸಾಧನ. ಇಂದಿನ ರೋಗಿಗೆ ಅದು ಬರಿಯ ನೋವು. ಈ ಭೇದವನ್ನು ಮುಚ್ಚಿ ಕಟ್ಟಿದ ವಾದವು ಸಲ್ಲೇಖನಕ್ಕೂ ಅನ್ಯಾಯ, ರೋಗಿಗೂ ಅನ್ಯಾಯ.

ಹಾಗಾದರೆ ಆ ಪರಂಪರೆಯಿಂದ ಸ್ವೀಕರಿಸಬೇಕಾದುದು ಏನು? ಅದು ವಿಧಿಸುವ ನಿರ್ಬಂಧ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಅವಕಾಶವೀಯುವ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳಿಗೆ ‘ನಿಃಪ್ರತೀಕಾರ’ವೆಂಬ ವಿಶೇಷಣವನ್ನು ಸೇರಿಸುತ್ತಾರೆ. ಪರಿಹಾರವಿದ್ದ ಕಡೆ ವ್ರತವಿಲ್ಲ. ಆ ಆಚಾರ್ಯರೇ ಭಸ್ಮಕರೋಗದಿಂದ ಪೀಡಿತರಾಗಿ ಸಲ್ಲೇಖನಕ್ಕೆ ಅನುಮತಿಯನ್ನು ಬೇಡಲು ಗುರುಗಳು ಕೊಡಲಿಲ್ಲವೆಂದೂ, ಬಳಿಕ ಶಿವಾಲಯದ ನೈವೇದ್ಯವನ್ನು ಉಂಡು ರೋಗವು ಶಮನವಾಯಿತೆಂದೂ ಜೈನಕಥೆಗಳು ಹೇಳುತ್ತವೆ. ದೇವಚಂದ್ರನ ರಾಜಾವಳೀಕಥೆಯಲ್ಲಿಯೂ ಈ ವೃತ್ತಾಂತವುಂಟು. ಇದರ ಐತಿಹಾಸಿಕತೆ ಹೇಗೇ ಇರಲಿ, ‘ನಿಃಪ್ರತೀಕಾರ’ವೆಂಬ ಪದವನ್ನು ಬಳಸಿದವರೇ ಆ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಬದುಕಿದರೆಂಬ ಕಲ್ಪನೆಯು ಬಹಳ ಸ್ವಾರಸ್ಯವಾದುದು. ಕೇಳಿದವರಿಗೆಲ್ಲ ಕೊಡತಕ್ಕುದಲ್ಲ, ಕೇಳದವರಿಗಂತೂ ಕೊಡಲೇಬಾರದು.

1994ರಲ್ಲಿ ಮತದಾರರು ಅಂಗೀಕರಿಸಿ 1997ರಲ್ಲಿ ಜಾರಿಗೆ ಬಂದ ಅಮೆರಿಕದ ಆರೆಗಾನ್ ಸಂಸ್ಥಾನದ ಶಾಸನವು ಕೇಳುವುದೂ ಇದನ್ನೇ. ರೋಗವು ಆರು ತಿಂಗಳೊಳಗೆ ಮರಣವನ್ನು ತರತಕ್ಕುದೆಂದು ಇಬ್ಬರು ವೈದ್ಯರು ನಿರ್ಣಯಿಸಬೇಕು. ರೋಗಿಯು ಎರಡು ಸಲ ಬಾಯಲ್ಲಿಯೂ ಒಂದು ಸಲ ಸಾಕ್ಷಿಗಳ ಎದುರಿನಲ್ಲಿ ಬರಹದಲ್ಲಿಯೂ ಕೇಳಬೇಕು. ಔಷಧವನ್ನು ತಾನೇ ಸೇವಿಸಬೇಕು. ಪಡೆದವರಲ್ಲಿ ಅನೇಕರು ಅದನ್ನು ಸೇವಿಸದೆ ರೋಗದಿಂದಲೇ ತೀರಿಕೊಳ್ಳುತ್ತಾರೆಂಬುದು ಗಮನಾರ್ಹ. ಕೆನಡಾ ದೇಶವು 2016ರಲ್ಲಿ ಇಂತಹ ಅವಕಾಶವನ್ನು ಕೊಟ್ಟು, 2021ರಲ್ಲಿ ಮರಣವು ಸಮೀಪಿಸದವರಿಗೂ ಅದನ್ನು ವಿಸ್ತರಿಸಿತು. ಅಷ್ಟು ದೂರ ಹೋಗುವುದು ಅನವಶ್ಯಕ.

ಭಾರತದ ಸ್ಥಿತಿಯೇನು? 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವುದಕ್ಕೂ ಅದನ್ನು ಕುರಿತು ಮೊದಲೇ ಬರೆದಿಡುವ ಇಚ್ಛಾಪತ್ರಕ್ಕೂ ಮನ್ನಣೆಯಿತ್ತಿತು. 2023ರಲ್ಲಿ ವಿಧಾನವು ಸರಳವಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅದನ್ನು ಆಚರಣೆಗೆ ತರಲು ಸುತ್ತೋಲೆ ಹೊರಡಿಸಿತು. ಇಷ್ಟೂ ಸ್ತುತ್ಯವೇ. ಆದರೆ ಇದರ ಪ್ರಯೋಜನವು ಯಂತ್ರದ ಆಶ್ರಯದಲ್ಲಿರುವವನಿಗೆ. ಮೂಳೆಗೆ ಹಬ್ಬಿದ ಅರ್ಬುದದಿಂದ ನರಳುತ್ತ, ಬುದ್ಧಿ ಸ್ಥಿರವಾಗಿದ್ದು, ತಾನೇ ಉಸಿರಾಡುತ್ತಿರುವವನಿಗೆ ಹಿಂತೆಗೆಯುವುದಕ್ಕೆ ಏನಿದೆ? ಅವನು ಚಿಕಿತ್ಸೆಯನ್ನು ಬಿಡಬಹುದು, ಅನ್ನನೀರನ್ನು ಬಿಡಬಹುದು. ಅವನಿಗೆ ನೆರವಾಗುವ ವೈದ್ಯನು ಆತ್ಮಹತ್ಯೆಗೆ ಪ್ರೇರಣೆಯಿತ್ತ ಅಪರಾಧಿ. ಎಂದರೆ, ಮಾಚಿಕಬ್ಬೆಯ ಒಂದು ತಿಂಗಳ ಉಪವಾಸವನ್ನು ಆಕೆಯ ಶ್ರದ್ಧೆಯಿಲ್ಲದವನ ಮೇಲೆ ಕಾನೂನು ಹೊರಿಸಿದಂತಾಯಿತು. ಆಕೆಗೆ ಪಂಚನಮಸ್ಕಾರವಿತ್ತು, ಸಂಘವಿತ್ತು. ಇವನಿಗೆ ಹಸಿವು ಮಾತ್ರ. ಆ ಉಪವಾಸವೂ ನಿರ್ಭಯವಾದುದಲ್ಲ: 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನೇ ಆತ್ಮಹತ್ಯೆಯೆಂದಿತು, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟಿತು.

ಬಡವರನ್ನೂ ವೃದ್ಧರನ್ನೂ ಮನೆಯವರು ಈ ದಾರಿಗೆ ನೂಕಿಯಾರೆಂಬ ಆಕ್ಷೇಪವು ಹಗುರವಾದುದಲ್ಲ. ನೋವನ್ನು ತಗ್ಗಿಸುವ ಉಪಶಾಮಕ ಚಿಕಿತ್ಸೆಯು ದೊರೆಯದ ಊರಿನಲ್ಲಿ ವ್ಯಾಧಿಯನ್ನು ‘ನಿಃಪ್ರತೀಕಾರ’ವೆಂದು ಕರೆಯುವಂತೆಯೇ ಇಲ್ಲ, ಆ ಚಿಕಿತ್ಸೆಯನ್ನು ಮೊದಲು ಒದಗಿಸಿದ ಮೇಲೆಯೇ ಕೋರಿಕೆಯನ್ನು ಕೇಳತಕ್ಕುದೆಂದು ಶಾಸನವು ವಿಧಿಸಬೇಕು. ಅಂತಹ ಶಾಸನವು ಕನ್ನಡದಲ್ಲಿ ರಚಿತವಾಗುವ ದಿನ ‘ದಯಾಮರಣ’ವನ್ನು ಕೈಬಿಟ್ಟು, ವಾಕ್ಯಗಳಿಗೆ ರೋಗಿಯನ್ನೇ ಕರ್ತೃವಾಗಿ ಮಾಡುವುದು ಕರಡು ಬರೆಯುವವರ ಮೊದಲ ಕೆಲಸ. ಬಂದಳಿಕೆಯ ಶಾಸನಕವಿಗೆ ಅದು ಕಷ್ಟವಾಗಿರಲಿಲ್ಲ.