ಬೇಡಿಕೆ ಉದುರಿಹೋದ ಕತೆ

ನಮ್ಮ ಗುಡೇಮಾರನಹಳ್ಳಿ ಇರುವ ಮಾಗಡಿ ತಾಲ್ಲೂಕಿನಲ್ಲೇ ಹುಲಿಕಲ್ ಇದೆ. ಅಲ್ಲಿಂದ ಕುದೂರಿಗೆ ಹೋಗುವ ರಸ್ತೆಯ 385 ಆಲದ ಮರಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಅವನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನ ಕತೆಯನ್ನು ನಾನು ಓದಿದ್ದು ಪೋಸ್ಟರು, ಕರಪತ್ರಗಳಲ್ಲಿ: ಮಕ್ಕಳಿರಲಿಲ್ಲ, ಮರಗಳನ್ನೇ ಮಕ್ಕಳಂತೆ ಸಾಕಿದರು, ನೀವೂ ಒಂದು ಗಿಡಕ್ಕೆ ದೇಣಿಗೆ ಕೊಡಿ.

ಈ ಕತೆ ಸುಳ್ಳಲ್ಲ. ತಿಮ್ಮಕ್ಕ ಸ್ವತಃ ಹಾಗೆ ಹೇಳಿಕೊಂಡಿದ್ದಾರೆ. ನನ್ನ ತಕರಾರಿರುವುದು ಅದನ್ನು ಕಟ್ಟುವ ರೀತಿಯ ಬಗ್ಗೆ. ದೇಣಿಗೆ ಕೇಳುವ ಸಂಸ್ಥೆಗಳ ಅನುಭವ ಕಥನಕ್ಕೆ ಒಂದು ಸಿದ್ಧ ಅಚ್ಚಿದೆ: ಮೊದಲು ಕೊರತೆ, ಆಮೇಲೆ ನೆರವು ಅಥವಾ ಛಲ, ಕೊನೆಗೆ ನಗುಮುಖ. ಅಚ್ಚಿಗೆ ಹೊಂದದ್ದು ಉದುರಿಹೋಗುತ್ತದೆ. ಕಲ್ಲುಕ್ವಾರಿಯ ಕೂಲಿ ಉದುರಿತು. ಜೊತೆಗೆ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿದ ಗಂಡ ಚಿಕ್ಕಯ್ಯ ಮರೆಯಾದರು. ಮಳೆಗಾಲ ನೋಡಿ ಸಸಿ ನೆಡುವ ತಿಳಿವಳಿಕೆಯೂ ಹೋಯಿತು. ಉಳಿದದ್ದು ಬಂಜೆತನದ ದುಃಖವೊಂದೇ. ಮಕ್ಕಳಾಗದ ಹೆಣ್ಣು ಬೇರೆ ಏನಕ್ಕಾದರೂ ತಾಯಿಯಾಗಲೇಬೇಕು ಎಂಬ ಹಳೆಯ ಹಟವನ್ನೇ ನಾವು ಹೊಗಳಿಕೆಯ ಹೆಸರಿನಲ್ಲಿ ಮತ್ತೆ ಹೇಳುತ್ತಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾಗಿ ಉದುರಿದ್ದು ಬೇಡಿಕೆ. ಸನ್ಮಾನಗಳ ನಡುವೆಯೂ ತಿಮ್ಮಕ್ಕ ಊರಿಗೊಂದು ಆಸ್ಪತ್ರೆ ಬೇಕು ಎನ್ನುತ್ತಲೇ ಇದ್ದರು. ಪದ್ಮಶ್ರೀ ಬಂದ 2019ರಲ್ಲೇ, ರಸ್ತೆ ಅಗಲ ಮಾಡಲು ಮರ ಕಡಿಯಬೇಡಿ ಎಂದು ಸರ್ಕಾರವನ್ನು ಕೇಳಬೇಕಾಯಿತು. ಅಮೆರಿಕದಲ್ಲಿ ಅವರ ಹೆಸರಿಟ್ಟುಕೊಂಡ ಪರಿಸರ ಸಂಸ್ಥೆಯ ವಿಚಾರದಲ್ಲಿ, ತಮ್ಮ ಒಪ್ಪಿಗೆ ಪಡೆದಿಲ್ಲವೆಂದು ನ್ಯಾಯಾಲಯಕ್ಕೂ ಹೋದರು. ಆ ದೂರು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ ಒಬ್ಬರ ಬದುಕನ್ನು ಬಳಸುವ ಮುಂಚೆ ಅವರನ್ನು ಕೇಳಬೇಡವೇ ಎಂಬ ಪ್ರಶ್ನೆಯನ್ನು ಶಾಲೆಯ ಮೆಟ್ಟಿಲು ಹತ್ತದ ಈ ಹೆಂಗಸು ಎತ್ತಿದ್ದರು.

ನಾನೂ ಇದರಿಂದ ಹೊರತಲ್ಲ. ಎಂ.ಎ. ಓದುವಾಗ ಒಂದು ಸಂಸ್ಥೆಗೆ ಇಂಥ ಕತೆ ಬರೆದುಕೊಟ್ಟೆ. ಹೊಲಿಗೆ ಮಿಷನ್ನು ಪಡೆದ ಹೆಂಗಸೊಬ್ಬರು ಅರ್ಧ ಗಂಟೆ ಮಾತಾಡಿ ಕೊನೆಗೆ, "ಮಿಷನ್ನು ಕೊಟ್ರಿ ಸರಿ, ಹೊಲ್ದಿದ್ದನ್ನ ಪೇಟೆಗೆ ಒಯ್ಯಕ್ಕೆ ಬಸ್ಸು ಯಾವಾಗ ಬಿಡುಸ್ತೀರವ್ವ?" ಎಂದರು. ಆ ಸಾಲನ್ನು ಕೈಬಿಟ್ಟೆ. ಕತೆ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು.

ಸಂಸ್ಥೆಗಳಿಗೆ ಹಣ ಬೇಕು, ಹಣಕ್ಕೆ ಕತೆ ಬೇಕು, ಒಪ್ಪೋಣ. ಆದರೆ ಓದುವವರಾಗಿ ನಾವು ಒಂದನ್ನು ಕೇಳಿಕೊಳ್ಳಬಹುದು: ಕತೆ ಹೇಳಿದವರು ಕೇಳಿದ್ದು ಇದರಲ್ಲಿ ಉಳಿದಿದೆಯೇ? 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡಾಗ ನನ್ನ ಫೋನಿಗೆ ಅದೇ ಪೋಸ್ಟರು ಮತ್ತೆ ಬಂತು. ಆಸ್ಪತ್ರೆಯ ಮಾತು ಅದರಲ್ಲಿರಲಿಲ್ಲ.