ಬುಡ ಏರುಪೇರಾದರೂ ತಲೆ ಮಟ್ಟವಿರಲಿ

ಅಂಗಳದಲ್ಲಿ ಮರದ ಚಪ್ಪರ ನಿಲ್ಲಿಸಲು ಕಾಂಕ್ರೀಟಿನಲ್ಲಿ ಕಬ್ಬಿಣದ ಬ್ರಾಕೆಟ್ ಹೂತಿರುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ನೋಡಿದರೆ ಒಂದು ಮೇಲೆ, ಇನ್ನೊಂದು ಕೆಳಗೆ. ಆಗ ತಗ್ಗಿದ ಬ್ರಾಕೆಟ್ಟಿಗೆ ಮರದ ಚಕ್ಕೆ ತುರುಕಿ ಕಂಬ ಎತ್ತುವ ರೂಢಿ ಇದೆ. ಇದು ಸಲ್ಲದು. ಚಕ್ಕೆ ಭಾರಕ್ಕೆ ಅಮುಕುತ್ತದೆ, ಮಳೆನೀರು ಹೀರಿ ಕಂಬಕ್ಕಿಂತ ಮೊದಲೇ ಕೊಳೆಯುತ್ತದೆ. ಆಮೇಲೆ ಮಾಡಿನ ಭಾರವೆಲ್ಲ ಬೋಲ್ಟುಗಳ ಮೇಲೆ.

ಮಟ್ಟ ಬೇಕಿರುವುದು ತೊಲೆಗೆ. ಬುಡಗಳು ಒಂದೇ ಎತ್ತರದಲ್ಲಿ ಇರಲೇಬೇಕೆಂದಿಲ್ಲ. ಹಾಗಾಗಿ ಕಂಬಗಳನ್ನು ಒಂದೇ ಅಳತೆಗೆ ಮೊದಲೇ ಕೊಯ್ದಿಡಬೇಡಿ. ನಾಲ್ಕು ಬೆರಳು ಉದ್ದ ಬಿಟ್ಟೇ ನಿಲ್ಲಿಸಿ, ಅಡ್ಡಪಟ್ಟಿ ಹೊಡೆದು ಬಿಗಿಮಾಡಿ. ತೂಗುಗುಂಡನ್ನು ಅಕ್ಕಪಕ್ಕದ ಎರಡು ಮುಖಗಳಿಗೂ ಹಿಡಿಯಬೇಕು. ಒಂದೇ ಮುಖ ನೋಡಿದರೆ ಕಂಬ ಇನ್ನೊಂದು ಕಡೆಗೆ ವಾಲಿರುವುದು ತಿಳಿಯುವುದಿಲ್ಲ. ಬೋಲ್ಟ್ ಪೂರ್ತಿ ಬಿಗಿಯುವುದು ಇದಾದ ಮೇಲೆಯೇ.

ಈಗ ಗಾರೆಯವರ ಟ್ಯೂಬ್ ಲೆವೆಲ್ ತನ್ನಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗುಳ್ಳೆ ಒಂದೂ ಉಳಿಯದಂತೆ ತಟ್ಟಿ ಬಿಡಿಸಿ. ಮೊದಲ ಕಂಬದಲ್ಲಿ ತೊಲೆ ಕೂರುವ ಎತ್ತರವನ್ನು ಗುರುತಿಸಿ, ಪೈಪಿನ ಒಂದು ತುದಿಯನ್ನು ಆ ಗುರುತಿಗೆ ಹಿಡಿದು, ಇನ್ನೊಂದನ್ನು ಉಳಿದ ಕಂಬಗಳಿಗೆ ಒಯ್ಯಿರಿ. ನೀರು ಅಲುಗಾಟ ನಿಲ್ಲಿಸಿದ ಮೇಲೆ, ಎರಡೂ ಕೊನೆಯ ಬಾಯಿ ತೆರೆದಿರುವಾಗ, ಪೆನ್ಸಿಲ್ ಗುರುತು ಹಾಕಿ, ಕಂಬಗಳನ್ನು ಆ ಗುರುತಿಗೇ ಕೊಯ್ಯಿರಿ. ಮೂಲೆ ತಿರುಗಿದರೂ ಈ ಲೆಕ್ಕ ತಪ್ಪದು. ಗಿಡ್ಡ ರಸಮಟ್ಟವನ್ನು ಹೆಜ್ಜೆಹೆಜ್ಜೆಗೆ ಸರಿಸಿದರೆ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. ಬ್ರಾಕೆಟ್ 18 ಮಿ.ಮೀ. ತಗ್ಗಿದ್ದರೆ ಅಲ್ಲಿಯ ಕಂಬ 2400ರ ಬದಲು 2418 ಮಿ.ಮೀ. ಆಗುತ್ತದೆ. ಆ ವ್ಯತ್ಯಾಸ ಕಣ್ಣಿಗೆ ಬೀಳದು. ತೊಲೆ ವಾಲಿದರೆ ಮಾತ್ರ ಬೀದಿಯಿಂದಲೇ ಕಾಣುತ್ತದೆ.

ಬ್ರಾಕೆಟ್ಟಿನ ತಟ್ಟೆಯೇ ಓರೆಯಾಗಿದ್ದರೆ ಕೆಲಸ ಬೇರೆ. ಕಂಬ ಒಂದು ಅಂಚಿನ ಮೇಲಷ್ಟೇ ಕೂತು ಅಲ್ಲೇ ಸೀಳುತ್ತದೆ. ತಟ್ಟೆಯ ಓರೆಗೆ ತಕ್ಕಂತೆ ಬುಡವನ್ನೇ ಕೊಯ್ಯಬೇಕು, ಇಲ್ಲವೇ ಗ್ಯಾಲ್ವನೈಸ್ಡ್ ಉಕ್ಕಿನ ತೆಳು ತಗಡು ಇಡಬೇಕು. ಜಪಾನಿನ ಹಳೆಯ ದೇವಾಲಯಗಳಲ್ಲಿ ಒರಟು ಬಂಡೆಯ ಮೇಲೆ ಕಂಬ ನಿಲ್ಲಿಸುವಾಗ ಬಂಡೆಯ ಉಬ್ಬುತಗ್ಗನ್ನೇ ಕಂಬದ ಬುಡಕ್ಕೆ ಗೆರೆ ಎಳೆದು ಕೆತ್ತುತ್ತಿದ್ದರು. ಆ ಕೌಶಲಕ್ಕೆ ಹಿಕಾರಿತ್ಸುಕೆ ಎನ್ನುತ್ತಾರೆ. ಮರವನ್ನು ನೆಲೆಗೆ ಒಗ್ಗಿಸಿದವರೇ ನಿಜವಾದ ಕುಶಲಿಗಳು.

ಕೊಯ್ದ ತುದಿಗಳಿಗೆ ಎಣ್ಣೆಯೋ ಬಣ್ಣವೋ ಧಾರಾಳವಾಗಿ ಹಚ್ಚಿ. ಮರ ಹೆಚ್ಚು ನೀರು ಕುಡಿಯುವುದು ಅಲ್ಲಿಂದಲೇ. ಬುಡಕ್ಕೂ ಕಾಂಕ್ರೀಟಿಗೂ ನಡುವೆ ಗಾಳಿ ಆಡಲು ಒಂದಿಂಚು ಜಾಗವಿರಲಿ. ಮಣ್ಣು, ತರಗೆಲೆ ತುಂಬದಂತೆ ಪ್ರತಿ ಮಳೆಗಾಲದ ಮೊದಲು ಗುಡಿಸಿಡಿ.